ಕುದುರೆ ಸಾಗಿಸುವ ಹಳೆಯ ಗಾಡಿಯ ಪರೀಕ್ಷೆ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳಲ್ಲಿ ಶರ್ಯತ್ತಿನ ಕುದುರೆಗಳನ್ನು ಸಾಕುವವರು ಅವುಗಳನ್ನು ಊರಿಂದೂರಿಗೆ ಒಯ್ಯಲು ಹಳೆಯ ಟೆಂಪೊ ಕೊಳ್ಳುವುದುಂಟು. ಇಂಜಿನಿನ ಸದ್ದು ಕೇಳಿ, ಬಣ್ಣ ನೋಡಿ ಮುಂಗಡ ಕೊಡುವವರೇ ಬಹಳ. ಅಪಾಯವಿರುವುದು ಕುದುರೆಯ ಕಾಲಡಿಯಲ್ಲಿ.

ಕುದುರೆಯ ಮೂತ್ರವು ರಬ್ಬರು ಹಾಸಿನ ಕೆಳಗೆ ನಿಂತು ಹಲಗೆಯನ್ನು ಕೊಳೆಯಿಸುತ್ತದೆ. ಕಬ್ಬಿಣದ ಅಡ್ಡಪಟ್ಟಿಗಳಿಗೆ ತುಕ್ಕು ಹಿಡಿಸುತ್ತದೆ. ಮೇಲಿನಿಂದ ಇದು ಕಾಣಿಸದು. ಆದಕಾರಣ ಹಾಸನ್ನು ಪೂರ್ತಿಯಾಗಿ ಎತ್ತಿಸಿ, ಅಂಚುಗಳಲ್ಲಿಯೂ ಹಿಂಗಾಲು ಊರುವಲ್ಲಿಯೂ ಹಲಗೆಯನ್ನು ದಬ್ಬಳದಿಂದ ಚುಚ್ಚಿ ನೋಡತಕ್ಕದ್ದು. ದಬ್ಬಳವು ಸುಲಭವಾಗಿ ಒಳಹೊಕ್ಕರೆ ಆ ಹಲಗೆಯು ಕುದುರೆಯ ಭಾರವನ್ನು ತಾಳಲಾರದು. ಓಡುವ ಗಾಡಿಯಲ್ಲಿ ಹಲಗೆ ಮುರಿದು ಕಾಲು ರಸ್ತೆಗೆ ತಗಲಿದ ಕುದುರೆ ಉಳಿಯುವುದು ವಿರಳ. ತರುವಾಯ ಅನುಭವಸ್ಥ ಕಂಬಾರನಿಂದ ಅಡ್ಡಪಟ್ಟಿಗಳನ್ನು ಸುತ್ತಿಗೆಯಲ್ಲಿ ತಟ್ಟಿಸಬೇಕು. ತಳಕ್ಕೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಸಂಶಯಕ್ಕೆ ಎಡೆಯುಂಟು. ಮಾರುವವನು ಹಾಸನ್ನು ಎತ್ತಲು ಒಪ್ಪದಿದ್ದಲ್ಲಿ ಮರಳಿ ಬರುವುದೇ ಲೇಸು. ಹತ್ತುವ ಹಲಗೆಯ ತಿರುಗಣಿಗಳನ್ನೂ ಮರೆಯಲಾಗದು.

1978ರ ಪ್ರಾಣಿ ಸಾಗಾಣಿಕೆ ನಿಯಮಗಳ ಮೇರೆಗೆ ಕುದುರೆಗಳ ನಡುವೆ ಕನಿಷ್ಠ 8 ಸೆಂಟಿಮೀಟರ್ ದಪ್ಪದ ಬಿದಿರಿನ ಗಳುಗಳಿರಬೇಕು. ಅವನ್ನು ಭದ್ರವಾಗಿ ಕಟ್ಟಲು ಆಸರೆಯಿದೆಯೇ ಎಂದು ನೋಡಿಕೊಳ್ಳತಕ್ಕದ್ದು.

ಇನ್ನು ಕಾಗದಪತ್ರ. ಗೋಕಾಕದ ಸಾರಿಗೆ ಕಚೇರಿಯ ಕೆಎ 49 ಗುರುತಿನ ಗಾಡಿಯಾದರೆ ಯೋಗ್ಯತಾ ಪ್ರಮಾಣಪತ್ರದ ಅವಧಿ, ವಿಮೆ, ನೋಂದಣಿ ಪತ್ರದಲ್ಲಿ ಬ್ಯಾಂಕಿನ ಸಾಲದ ನಮೂದು ಇವನ್ನು ಅಲ್ಲಿಯೇ ವಿಚಾರಿಸಬಹುದು. ಹುಕ್ಕೇರಿಯ ಗಡಿಯಾಚೆ ಮಹಾರಾಷ್ಟ್ರದಲ್ಲಿ ನೋಂದಾಯಿಸಿದ ಗಾಡಿಯಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ ಕೈಸೇರುವವರೆಗೆ ಪೂರ್ಣ ಹಣ ಕೊಡಲಾಗದು. ಕೊಂಡವರು 30 ದಿನಗಳೊಳಗೆ ಹೆಸರು ವರ್ಗಾವಣೆಗೆ ಅರ್ಜಿ ಸಲ್ಲಿಸತಕ್ಕದ್ದು.