‘ಮೇಲ್ ಹೋಯ್ತು’ ಅಂದ ಮಾತ್ರಕ್ಕೆ ಹೋಗಿರುತ್ತಾ?

ಕರಡು ಅಧಿಸೂಚನೆಗೆ ಆಕ್ಷೇಪಣೆ ಸಲ್ಲಿಸಲು ಅವತ್ತೇ ಕೊನೇ ದಿನ. ಟರ್ಮಿನಲ್‌ನಲ್ಲಿ ಮಟ್ ತೆರೆದು ಕಳಿಸಿದೆ. ‘ಮೇಲ್ ಸೆಂಟ್’ ಅಂತ ಬಂತು. ಎರಡು ದಿನ ಬಿಟ್ಟು ನೋಡಿದರೆ ಪತ್ರ ನನ್ನದೇ ಲ್ಯಾಪ್‌ಟಾಪಿನ ಕ್ಯೂನಲ್ಲಿ ಕೂತಿದೆ!

ಮಟ್ ಮೇಲನ್ನು ಯಂತ್ರದೊಳಗಿನ ಸೆಂಡ್‌ಮೇಲ್‌ಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತೆ. ಅದು ಪೋರ್ಟ್ 25ರಲ್ಲಿ ಹೊರಡಲು ನೋಡುತ್ತೆ. ಸ್ಪ್ಯಾಮ್ ತಡೆಯಲೆಂದು ಮನೆ ಇಂಟರ್ನೆಟ್‌ನಲ್ಲಿ ಹಲವೆಡೆ ಆ ಬಾಗಿಲೇ ಬಂದ್.

ಬದಲಿಗೆ ಎಂಎಸ್‌ಎಂಟಿಪಿ ಹಾಕಿ: ಪೋರ್ಟ್ 587, ಟಿಎಲ್‌ಎಸ್ ಆನ್. ಜಿಮೇಲ್ ಆದರೆ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಬೇಕು (ಅದಕ್ಕೆ ಮೊದಲು ಎರಡು ಹಂತದ ಪರಿಶೀಲನೆ ಆನ್ ಮಾಡಬೇಕು, ಮಾಮೂಲಿ ಪಾಸ್‌ವರ್ಡ್ ನಡೆಯಲ್ಲ). ಇದು ಕ್ಯೂ ಇಡಲ್ಲ, ಹೋಗದಿದ್ದರೆ ಆಗಲೇ ಬೈಯುತ್ತೆ. ಲಾಗ್‌ಫೈಲ್ ಇಟ್ಟುಕೊಳ್ಳಿ. ಅದರಲ್ಲಿ 250 ಕಂಡರೆ ಸರ್ವರ್ ಒಪ್ಪಿಕೊಂಡಿದೆ ಅಂತ ಅರ್ಥ. ಕಚೇರಿಯವರು ಓದಿದ್ದಾರೆ ಅಂತಲ್ಲ.