ಮೈ ತಪಾಸಣೆ: ನಿಮ್ಮ ಹಕ್ಕು ತಿಳಿಯಿರಿ

ನೀವು ಬಸ್ಸಿನಲ್ಲಿ ಗಡಿ ದಾಟುತ್ತಿದ್ದೀರಿ. ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತು. ಪೊಲೀಸರು ಹತ್ತಿ, "ನಿಮ್ಮ ಹತ್ರ ಗಾಂಜಾ ಇದೆ ಅಂತ ಸುದ್ದಿ ಬಂದಿದೆ, ಇಳೀರಿ" ಅಂದರು. ಆಗ ಏನು ಮಾಡುತ್ತೀರಿ?

ಹೆದರಬೇಡಿ. ಓಡಬೇಡಿ. ಜಗಳ ಆಡಬೇಡಿ.

ಮಾದಕ ವಸ್ತುಗಳ ಬಗ್ಗೆ 1985ರಲ್ಲಿ ಒಂದು ಕಾನೂನು ಬಂತು. ಕೇರಳ, ತಮಿಳುನಾಡು, ಕರ್ನಾಟಕ, ಎಲ್ಲ ಕಡೆಯೂ ಇದೇ ಕಾನೂನು. ತಪ್ಪು ಮಾಡಿದವರಿಗೆ ಕಠಿಣ ಶಿಕ್ಷೆ ಇದೆ. ಪೊಲೀಸರಿಗೂ ಕಟ್ಟುಪಾಡು ಇದೆ.

ಈ ಕಾನೂನಿನ 50ನೇ ಕಲಂ ಮೈ ತಪಾಸಣೆಯದು. "ಮ್ಯಾಜಿಸ್ಟ್ರೇಟರ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು ತಪಾಸಣೆ ಮಾಡಿ" ಎಂದು ನೀವು ಕೇಳಬಹುದು. ಈ ಹಕ್ಕನ್ನು ಪೊಲೀಸರೇ ಮೊದಲು ನಿಮಗೆ ತಿಳಿಸಬೇಕು. 1999ರಲ್ಲಿ ಸುಪ್ರೀಂ ಕೋರ್ಟು ಹಾಗೆ ಹೇಳಿದೆ. ಹೆಂಗಸರ ಮೈಯನ್ನು ಹೆಂಗಸರೇ ತಪಾಸಣೆ ಮಾಡಬೇಕು.

ಆದರೆ ಈ ಹಕ್ಕು ಮೈಗೆ ಮಾತ್ರ, ಕೈಚೀಲಕ್ಕೆ ಇಲ್ಲ. ಆದ್ದರಿಂದ ಗುರುತಿಲ್ಲದವರ ಗಂಟನ್ನು ಹಿಡಿದುಕೊಳ್ಳಬೇಡಿ.

ಮನೆಗೆ ಬಂದರೆ? ಬರೀ ಅನುಮಾನ ಸಾಲದು, ನಂಬಲು ಕಾರಣ ಬೇಕು. ವಾರಂಟ್ ಇಲ್ಲದೆ ಹುಡುಕುವುದಾದರೆ, ಬಂದ ಸುದ್ದಿಯನ್ನು ಅಧಿಕಾರಿ ಬರೆದಿಡಬೇಕು. ಹೊತ್ತು ಮುಳುಗಿದ ಮೇಲೆ ಹಾಗೆ ಬಂದರೆ, ಅದಕ್ಕೂ ಕಾರಣ ಬರೆಯಬೇಕು.

ಕೊನೆಗೆ ಒಂದು ಕಾಗದ ಕೊಟ್ಟು ಸಹಿ ಕೇಳುತ್ತಾರೆ. "ಅಧಿಕಾರಿ ಬರುವುದು ಬೇಡ ಅಂದೆ" ಎಂದು ಅದರಲ್ಲಿ ಇರಬಹುದು. ಕಾಗದ ತಮಿಳಿನಲ್ಲೋ ಮಲಯಾಳದಲ್ಲೋ ಇದ್ದರೆ, "ಕನ್ನಡದಲ್ಲಿ ಹೇಳಿ ಸ್ವಾಮಿ" ಅನ್ನಿ. ತಿಳಿಯದೆ ಹೆಬ್ಬೆಟ್ಟು ಒತ್ತಬೇಡಿ.

ನೀವು ಈಗ ಅಕ್ಷರ ಕಲಿತಿದ್ದೀರಿ. ಮೊದಲು ಓದಿ, ಆಮೇಲೆ ಸಹಿ ಹಾಕಿ.