ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂದುಕೊಂಡಿದ್ದ ಗಿಡಗಳು

1928ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಸಸ್ಯರೋಗ ತಜ್ಞ ಎಸ್. ಎ. ವಿಂಗಾರ್ಡ್ ಹೊಗೆಸೊಪ್ಪಿನ ಗಿಡವೊಂದರ ವಿಚಿತ್ರ ವರ್ತನೆಯನ್ನು ದಾಖಲಿಸಿದರು. ಅದಕ್ಕೆ ಉಂಗುರಚುಕ್ಕೆ ನಂಜುರೋಗ ತಗುಲಿತ್ತು. ಬುಡದ ಎಲೆಗಳ ತುಂಬ ಸುಟ್ಟಂಥ ಉಂಗುರಗಳು. ಮೇಲೆ ಹೋದಂತೆ ಕಲೆ ಕಡಿಮೆಯಾಗುತ್ತ ಹೋಗಿ, ಆಮೇಲೆ ಬಂದ ತುದಿಯ ಎಲೆಗಳು ರೋಗವನ್ನೇ ಕಾಣದಂತೆ ಹಸಿರಾಗಿದ್ದವು. ಅದೇ ವೈರಸ್ಸನ್ನು ಆ ಎಲೆಗಳಿಗೆ ಮತ್ತೆ ಉಜ್ಜಿದರೂ ರೋಗ ಹತ್ತಲಿಲ್ಲ.

ಗಿಡಕ್ಕೆ ರಕ್ತವಿಲ್ಲ, ಪ್ರತಿಕಾಯಗಳಿಲ್ಲ, ಊರೆಲ್ಲ ಸುತ್ತಿ ಕಾಯುವ ಬಿಳಿ ಕಣಗಳಿಲ್ಲ. ಹಾಗಿದ್ದೂ ಬುಡದ ಎಲೆಗೆ ಬಂದ ಕಾಯಿಲೆಯ ಗುರುತು ಇನ್ನೂ ಹುಟ್ಟದ ಚಿಗುರಿಗೆ ಸಿಕ್ಕಿದ್ದು ಹೇಗೆ? ಉತ್ತರ ಸಿಗಲು ಎಪ್ಪತ್ತು ವರ್ಷ ಬೇಕಾಯಿತು. ಸಿಕ್ಕ ಬಗೆಯಂತೂ ನನ್ನ ಮಟ್ಟಿಗೆ ಕೃಷಿ ವಿಜ್ಞಾನದ ಅತಿ ಸುಂದರ ಕತೆಗಳಲ್ಲೊಂದು.

ನಡುವಿನ ದಶಕಗಳನ್ನು ಬೇಗ ದಾಟೋಣ. 1986ರಲ್ಲಿ ರೋಜರ್ ಬೀಚಿ ಮತ್ತು ಸಂಗಡಿಗರು ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ಸಿನ ಹೊರಕವಚದ ಪ್ರೋಟೀನಿಗೆ ಕಾರಣವಾದ ಜೀನನ್ನು ಹೊಗೆಸೊಪ್ಪಿನ ಗಿಡಕ್ಕೇ ಸೇರಿಸಿದರು. ಗಿಡಕ್ಕೆ ರೋಗ ತಡವಾಗಿ ಬಂತು, ಕೆಲವಕ್ಕೆ ಬರಲೇ ಇಲ್ಲ. ಗಿಡದ ಕೋಶದಲ್ಲಿ ಆಗಲೇ ಕವಚದ ಪ್ರೋಟೀನ್ ತುಂಬಿಕೊಂಡಿದ್ದರೆ ಒಳಗೆ ಬಂದ ವೈರಸ್ ತನ್ನ ಕವಚ ಕಳಚಲಾರದೆ ಸಿಕ್ಕಿಬೀಳುತ್ತದೆ ಎಂಬುದು ಆಗಿನ ವಿವರಣೆ. ಆ ವೈರಸ್ಸಿನ ಮಟ್ಟಿಗೆ ಅದು ಇಂದಿಗೂ ಬಹುಪಾಲು ಸರಿ. ಕಾಯುವುದು ಪ್ರೋಟೀನ್ ಎಂದು ಎಲ್ಲರೂ ನಂಬಿದರು, ಬೇರೆ ಬೇರೆ ಬೆಳೆಗಳಲ್ಲಿ ಇದೇ ಕೆಲಸ ಶುರುವಾಯಿತು.

ಓರೆಗಾನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡೌಹರ್ಟಿಯವರ ಪ್ರಯೋಗಾಲಯದಲ್ಲಿದ್ದ ಜಾನ್ ಲಿಂಡ್ಬೋ ಆರಿಸಿಕೊಂಡಿದ್ದು ಟೊಬ್ಯಾಕೊ ಎಚ್ ಎಂಬ ಇನ್ನೊಂದು ವೈರಸ್ಸನ್ನು. ಕೆಲವು ಗಿಡಗಳಿಗೆ ಕವಚದ ಪೂರ್ತಿ ಜೀನ್, ಕೆಲವಕ್ಕೆ ಅದರ ಮೊಟಕು ರೂಪ. ಜೊತೆಗೆ ಹೋಲಿಕೆಗೆ ಇರಲಿ ಎಂದು ಮತ್ತೊಂದು ಬಗೆಯ ಗಿಡಗಳನ್ನೂ ಮಾಡಿದರು. ಇವುಗಳ ಜೀನಿನಿಂದ ಆರ್‌ಎನ್‌ಎ ಸಂದೇಶವೇನೋ ಹೊರಡುತ್ತದೆ, ಆದರೆ ಅದನ್ನು ಓದಿ ಪ್ರೋಟೀನ್ ಕಟ್ಟಲು ಕೋಶಕ್ಕೆ ಆಗದಂತೆ ಅಕ್ಷರಗಳನ್ನು ತಿದ್ದಲಾಗಿತ್ತು. ಪ್ರೋಟೀನ್ ಇಲ್ಲದ ಮೇಲೆ ರಕ್ಷಣೆಯೂ ಇಲ್ಲ. ಈ ಗಿಡಗಳು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಫಲಿತಾಂಶ ಬಂದಾಗ ಲೆಕ್ಕ ತಿರುವುಮುರುವಾಯಿತು. ಪ್ರೋಟೀನ್ ಕಟ್ಟಲಾರದ ಆ ಗಿಡಗಳಲ್ಲೇ ಕೆಲವು ಸಾಲುಗಳು ವೈರಸ್ಸಿಗೆ ಜಗ್ಗಲೇ ಇಲ್ಲ. ಎಷ್ಟು ಉಜ್ಜಿದರೂ ರೋಗ ಹತ್ತಲಿಲ್ಲ. ಅಲ್ಲಿಗೆ ಕಾಯುತ್ತಿದ್ದುದು ಪ್ರೋಟೀನ್ ಅಲ್ಲ, ಬರೀ ಆರ್‌ಎನ್‌ಎ. ಹೋಲಿಕೆಯ ಗಿಡ ಹೀಗೆ ಅಡ್ಡ ಹಾದಿ ಹಿಡಿದಾಗ ಪ್ರಯೋಗ ಕೆಟ್ಟಿತೆಂದು ಬದಿಗೊತ್ತುವುದು ಸುಲಭ. ಲಿಂಡ್ಬೋ ಹಾಗೆ ಮಾಡದೆ ಆ ಗಿಡಗಳ ಬೆನ್ನು ಹತ್ತಿದ್ದೇ ಈ ಕತೆಯ ತಿರುವು.

ಜೀನ್ ಸೇರಿಸಿದ ಇನ್ನು ಕೆಲವು ಗಿಡಗಳು ಮೊದಲು ರೋಗಕ್ಕೆ ತುತ್ತಾಗಿ, ಮೂರರಿಂದ ಐದು ವಾರದೊಳಗೆ ಚೇತರಿಸಿಕೊಂಡು ಶುಭ್ರವಾದ ಎಲೆ ಬಿಟ್ಟವು. ವಿಂಗಾರ್ಡ್ ಕಂಡದ್ದೇ ಮತ್ತೆ. ಚೇತರಿಸಿಕೊಂಡ ಎಲೆಗೆ ಎಚ್ ವೈರಸ್ ಮತ್ತೆ ಹತ್ತದು, ಆದರೆ ಅದರ ದಾಯಾದಿಯಾದ ಆಲೂಗಡ್ಡೆಯ ವೈ ವೈರಸ್ ಸಲೀಸಾಗಿ ಹತ್ತುತ್ತದೆ. ಒಳಗೆ ಅಳೆದು ನೋಡಿದರೆ ಇನ್ನೊಂದು ಸೋಜಿಗ. ಸೇರಿಸಿದ ಜೀನಿನಿಂದ ಕೋಶಕೇಂದ್ರದಲ್ಲಿ ಸಂದೇಶ ಮೊದಲಿನ ವೇಗದಲ್ಲೇ ತಯಾರಾಗುತ್ತಿತ್ತು. ಕೋಶದಲ್ಲಿ ಉಳಿಯುತ್ತಿದ್ದುದು ಮಾತ್ರ ಹನ್ನೆರಡರಿಂದ ಇಪ್ಪತ್ತೆರಡು ಪಟ್ಟು ಕಡಿಮೆ. ಎಂದರೆ ಹುಟ್ಟಿದ ಆರ್‌ಎನ್‌ಎಯನ್ನು ಯಾವುದೋ ಶಕ್ತಿ ಹುಡುಕಿ ಹುಡುಕಿ ನಾಶಮಾಡುತ್ತಿದೆ. ಅದಕ್ಕೆ ತನ್ನದು, ಪರರದು ಎಂಬ ಭೇದವಿಲ್ಲ. ಅಕ್ಷರ ಹೊಂದಿದರೆ ವೈರಸ್ಸಿನ ಆರ್‌ಎನ್‌ಎಯೂ ನಾಶ, ಗಿಡದ ಆರ್‌ಎನ್‌ಎಯೂ ನಾಶ. 1993ರ ಪ್ರಬಂಧದಲ್ಲಿ ಅವರು ಇದನ್ನು ಬರೆದರು.

ಕ್ಯಾಲಿಫೋರ್ನಿಯಾದಲ್ಲಿ ಇದರ ಇನ್ನೊಂದು ಮುಖ ಆಗಲೇ ಕಂಡಿತ್ತು. ರಿಚರ್ಡ್ ಜಾರ್ಗೆನ್ಸನ್ ಮತ್ತು ಕ್ಯಾರೊಲಿನ್ ನೆಪೋಲಿ ಪೆಟೂನಿಯಾ ಹೂವಿನ ನೇರಳೆ ಬಣ್ಣ ಗಾಢವಾಗಲೆಂದು ಬಣ್ಣದ ಜೀನಿನ ಹೆಚ್ಚುವರಿ ಪ್ರತಿ ಸೇರಿಸಿದರೆ, ಹಲವು ಗಿಡಗಳು ಅಚ್ಚ ಬಿಳಿ ಹೂ ಬಿಟ್ಟವು. ಸೇರಿಸಿದ ಜೀನ್ ತಾನೂ ಮೌನವಾಗಿ, ಗಿಡದ ಸ್ವಂತ ಜೀನನ್ನೂ ಮೌನವಾಗಿಸಿತ್ತು. 1990ರಲ್ಲಿ ಅದು ಪ್ರಕಟವಾದಾಗ ಹೂವಿನ ಬಣ್ಣಕ್ಕೂ ನಂಜುರೋಗಕ್ಕೂ ನಂಟಿದೆ ಎಂದು ಯಾರು ಎಣಿಸಿಯಾರು?

ಎರಡನ್ನೂ ಬೆಸೆಯಲು ಒಂದು ಕೊಂಡಿ ಬೇಕಿತ್ತು. ನಿರ್ದಿಷ್ಟ ಆರ್‌ಎನ್‌ಎಯನ್ನೇ ಆರಿಸಿ ಕತ್ತರಿಸುವ ವ್ಯವಸ್ಥೆಗೆ ಗುರಿ ತೋರಿಸುವುದು ಯಾರು? ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಸೇನ್ಸ್‌ಬರಿ ಪ್ರಯೋಗಾಲಯದಲ್ಲಿ ಡೇವಿಡ್ ಬೋಲ್ಕೊಂಬ್ ಮತ್ತು ಆಂಡ್ರ್ಯೂ ಹ್ಯಾಮಿಲ್ಟನ್ ಇದರ ಹಿಂದೆ ಬಿದ್ದರು. ಆ ಆರ್‌ಎನ್‌ಎಗೆ ಜೋಡಿಯಾಗುವ ಎದುರು ಎಳೆ ಇರಲೇಬೇಕು, ಆದರೆ ಯಾರಿಗೂ ಕಂಡಿರಲಿಲ್ಲ. ಮಾಮೂಲಿ ಪರೀಕ್ಷೆಯಲ್ಲಿ ಕೈತಪ್ಪಿ ಹೋಗುವಷ್ಟು ಅದು ಚಿಕ್ಕದಾಗಿದ್ದರೆ ಎಂದು ಯೋಚಿಸಿ, ತೀರಾ ಸಣ್ಣ ತುಣುಕುಗಳನ್ನೂ ಹಿಡಿದಿಡುವಂತೆ ಪರೀಕ್ಷೆ ನಡೆಸಿದರು. ಸಿಕ್ಕಿತು: ಸುಮಾರು 25 ಅಕ್ಷರ ಉದ್ದದ ಆರ್‌ಎನ್‌ಎ ತುಣುಕುಗಳು. ಜೀನ್ ಮೌನವಾದ ಟೊಮೆಟೊ ಗಿಡಗಳಲ್ಲಿದ್ದವು, ಮೌನವಾಗದವುಗಳಲ್ಲಿ ಇರಲಿಲ್ಲ. ಯಾವ ಜೀನನ್ನೂ ಸೇರಿಸದೆ, ಬರೀ ಆಲೂಗಡ್ಡೆಯ ಎಕ್ಸ್ ವೈರಸ್ ತಗುಲಿದ ಗಿಡದಲ್ಲೂ ಇದ್ದವು. ಆರೋಗ್ಯವಂತ ಗಿಡದಲ್ಲಿ ಇಲ್ಲ. 1999ರಲ್ಲಿ ಅದು ಪ್ರಕಟವಾಯಿತು. ಹೂವಿನ ಬಣ್ಣ ಅಳಿಸಿದ್ದೂ ವೈರಸ್ಸನ್ನು ಅಳಿಸುವುದೂ ಒಂದೇ ಕೈ ಎಂದಾಯಿತು.

ಕೆಲಸ ನಡೆಯುವುದು ಹೀಗೆ. ಬೆಳೆಗಳನ್ನು ಕಾಡುವ ಬಹುಪಾಲು ವೈರಸ್‌ಗಳದ್ದು ಆರ್‌ಎನ್‌ಎ ಶರೀರ. ಸಂತಾನ ಬೆಳೆಸುವಾಗ ಅವು ಎರಡೆಳೆಯ ಆರ್‌ಎನ್‌ಎಯಾಗಿ ಕಾಣಿಸಿಕೊಳ್ಳುತ್ತವೆ. ಗಿಡದ ಡೈಸರ್ ಎಂಬ ಕಿಣ್ವ ಅದನ್ನು 21ರಿಂದ 24 ಅಕ್ಷರಗಳ ತುಂಡು ಮಾಡುತ್ತದೆ. ಒಂದೊಂದು ತುಂಡನ್ನೂ ಆರ್ಗೊನಾಟ್ ಎಂಬ ಪ್ರೋಟೀನ್ ಹಿಡಿದುಕೊಂಡು, ಅದಕ್ಕೆ ಹೊಂದುವ ಆರ್‌ಎನ್‌ಎ ಎಲ್ಲಿದ್ದರೂ ಕತ್ತರಿಸುತ್ತದೆ. ಈ ಸುದ್ದಿ ಕೋಶದಿಂದ ಕೋಶಕ್ಕೆ, ಆಹಾರ ಸಾಗುವ ನಾಳದ ಮೂಲಕ ಚಿಗುರಿಗೆ ಮುಟ್ಟುತ್ತದೆ. ಜೀನ್ ಮೌನವಾದ ಬುಡಕ್ಕೆ, ಅದೇ ಜೀನ್ ಇನ್ನೂ ಮೌನವಾಗದ ಗಿಡದ ಕುಡಿ ಕಸಿ ಕಟ್ಟಿದರೆ ಕುಡಿಯೂ ಮೌನವಾಗುವುದನ್ನು 1997ರಲ್ಲೇ ತೋರಿಸಲಾಗಿತ್ತು. ವಿಂಗಾರ್ಡ್ ಅವರ ಹಸಿರು ತುದಿಗೆ ಇಲ್ಲಿದೆ ಕಾರಣ.

ವೈರಸ್ಸೇನು ಸುಮ್ಮನೆ ಕೂರುವುದಿಲ್ಲ. ಎಕ್ಸ್ ವೈರಸ್ಸಿನ ಜೊತೆ ವೈ ಕುಲದ ವೈರಸ್ ಸೇರಿದರೆ ಗಿಡ ಪೂರ್ತಿ ನೆಲ ಕಚ್ಚುತ್ತದೆಂಬುದು ಹಳೆಯ ಅನುಭವ. 1998ರಲ್ಲಿ ಆರ್. ಆನಂದಲಕ್ಷ್ಮಿ, ವಿಕಿ ವಾನ್ಸ್ ಮೊದಲಾದವರು ಇದರ ಗುಟ್ಟು ಬಿಡಿಸಿದರು: ಈ ಕುಲದ ವೈರಸ್‌ಗಳ ಒಂದು ಪ್ರೋಟೀನ್ ಗಿಡದ ಈ ರಕ್ಷಣೆಯನ್ನೇ ಅಡಗಿಸುತ್ತದೆ. ಅದೇ ವರ್ಷ ಬೇರೆ ತಂಡಗಳೂ ಇದೇ ತೀರ್ಮಾನಕ್ಕೆ ಬಂದವು.

1998ರಲ್ಲೇ ಹವಾಯಿಯ ರೈತರ ಕೈಗೆ 'ರೇನ್‌ಬೋ' ಪಪ್ಪಾಯಿ ಬೀಜ ಸಿಕ್ಕಿತು. ಡೆನಿಸ್ ಗೊನ್ಸಾಲ್ವಿಸ್ ತಂಡ ಪಪ್ಪಾಯಿಯ ಉಂಗುರಚುಕ್ಕೆ ವೈರಸ್ಸಿನ ಕವಚದ ಜೀನ್ ಸೇರಿಸಿ ರೂಪಿಸಿದ ಈ ತಳಿ, ಇದೇ ಆರ್‌ಎನ್‌ಎ ರಕ್ಷಣೆಯ ಬಲದಿಂದ ಹವಾಯಿಯ ಪೂನಾ ಪ್ರದೇಶದ ತೋಟಗಳನ್ನು ಉಳಿಸಿತು. ಅದೇ ತಳಿಮೂಲ ಬೇರೆ ದೇಶಗಳ ಉಂಗುರಚುಕ್ಕೆ ವೈರಸ್ಸಿನೆದುರು ಸೋತಿತ್ತು. ಅಲ್ಲಿಯ ವೈರಸ್ಸಿನ ಅಕ್ಷರ ಬೇರೆ, ತುಣುಕು ಹೊಂದಲಿಲ್ಲ. ನಮ್ಮ ಪಪ್ಪಾಯಿ ತೋಟಗಳಿಗೆ ಆ ಬೀಜ ತಂದು ನೆಟ್ಟರೆ ಸಾಲದು ಎಂಬುದು ಇದರಿಂದ ಸ್ಪಷ್ಟ.

ನನಗೆ ಇನ್ನೂ ಹತ್ತಿರವಾದದ್ದು ಕೋಲಾರ, ಚಿಕ್ಕಬಳ್ಳಾಪುರದ ಟೊಮೆಟೊ ಬೆಳೆಗಾರರನ್ನು ಕಾಡುವ ಎಲೆ ಮುಟುರು ರೋಗ. ಬಿಳಿ ನೊಣ ಹರಡುವ ಈ ವೈರಸ್ಸಿನದು ಡಿಎನ್‌ಎ ಶರೀರ. ದಕ್ಷಿಣ ಅಮೆರಿಕದ ಕಾಡು ಟೊಮೆಟೊ ಒಂದರಿಂದ ತಂದ ಟಿವೈ-1 ಎಂಬ ನಿರೋಧಕ ಜೀನನ್ನು ಇಸ್ರೇಲಿನ ದಾನಿ ಜಮೀರ್ ತಂಡ 1994ರಲ್ಲಿ ವರ್ಣತಂತುವಿನ ಮೇಲೆ ಗುರುತಿಸಿತು. ಅದು ಮಾಡುವುದೇನೆಂದು ತಿಳಿಯದೆಯೇ ತಳಿ ತಜ್ಞರು ಅಡ್ಡತಳಿ ಮಾಡುತ್ತ ಅದನ್ನು ಊರು ಟೊಮೆಟೊಗೆ ತಂದರು. 2013ರಲ್ಲಿ ನೆದರ್‌ಲೆಂಡ್ಸ್‌ನ ವಾಗೆನಿಂಗನ್‌ನಲ್ಲಿ ಜೀನ್ ಬಿಡಿಸಿ ಓದಿದಾಗ ತಿಳಿಯಿತು: ಅದು ಒಂಟಿ ಆರ್‌ಎನ್‌ಎಯನ್ನು ಜೋಡಿ ಮಾಡುವ ಕಿಣ್ವದ ಜೀನ್. ಜೋಡಿ ಹೆಚ್ಚಿದಷ್ಟೂ ತುಣುಕು ಹೆಚ್ಚು, ತುಣುಕು ಹೆಚ್ಚಿದಷ್ಟೂ ವೈರಸ್ಸಿನ ಡಿಎನ್‌ಎಗೆ ಬೀಗ. ವೈರಸ್ ಸಾಯುವುದಿಲ್ಲ, ಈ ಜೀನ್ ಅದನ್ನು ತಲೆ ಎತ್ತದಂತೆ ಅದುಮಿಟ್ಟಿರುತ್ತದೆ.

ಭಾರತದ ಜಿ. ಕಲ್ಲೂ ಮತ್ತು ಬ್ಯಾನರ್ಜಿ ಬೇರೊಂದು ಕಾಡು ಟೊಮೆಟೊದಿಂದ ತಂದ ಟಿವೈ-2 ನಡೆಯುವ ದಾರಿಯೇ ಬೇರೆ. ಅದು ವೈರಸ್ಸಿನ ಪ್ರೋಟೀನ್ ಗುರುತು ಹಿಡಿದು ಕೋಶವನ್ನು ಎಚ್ಚರಿಸುವ ಬಗೆಯ ಜೀನ್. ನಮ್ಮ ಭಾಗದ ಮುಟುರು ವೈರಸ್ ಜೊತೆ ಬೀಟಾ ಸ್ಯಾಟಲೈಟ್ ಎಂಬ ಪುಟ್ಟ ಡಿಎನ್‌ಎ ತುಂಡು ಸೇರಿಕೊಳ್ಳುವುದುಂಟು. ಅದು ಜೊತೆಗಿದ್ದರೆ ಟಿವೈ-1ರ ಹಿಡಿತ ಸಡಿಲಗೊಳ್ಳುತ್ತದೆಂದು 2020ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಒಂದೇ ಜೀನನ್ನು ನಂಬದೆ ಎರಡು ದಾರಿಯ ಜೀನುಗಳನ್ನು ಒಂದೇ ತಳಿಯಲ್ಲಿ ಕೂಡಿಸುವ ಕೆಲಸ ಅದಕ್ಕಾಗಿಯೇ ನಡೆದಿದೆ. ಅಲ್ಲಿಯತನಕ ಸಸಿಮಡಿಗೆ ನೈಲಾನ್ ಪರದೆ ಕಟ್ಟಿ ಬಿಳಿ ನೊಣವನ್ನು ಹೊರಗಿಡುವುದನ್ನು ಯಾವ ಬೆಳೆಗಾರರೂ ಬಿಡುವಂತಿಲ್ಲ.